ಒಂದು ಬಾಣಲೆಗೆ ಒಂದೇ ತಟ್ಟೆ

ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿ ನೂಡಲ್ಸ್ ಹುರಿಯುವವರದ್ದು ಒಂದು ಹಟ. ಅಂಗಡಿಯ ಮುಂದೆ ಇಪ್ಪತ್ತು ಜನ ನಿಂತಿರಲಿ, ಮಳೆ ಸುರಿಯುತ್ತಿರಲಿ, ಒಂದೇ ಮನೆಯ ಆರು ಮಂದಿ ಬಂದು ಆರು ತಟ್ಟೆ ಹೇಳಲಿ, ಬಾಣಲೆಗೆ ಬೀಳುವುದು ಒಂದು ಸಲಕ್ಕೆ ಒಂದು ತಟ್ಟೆಯಷ್ಟೇ. ಆರು ತಟ್ಟೆಗೆ ಆರು ಸಲ ಬೆಳ್ಳುಳ್ಳಿ, ಆರು ಸಲ ಸೀಗಡಿ, ಆರು ಸಲ ಮೊಟ್ಟೆ. ಮೂರ‍್ನಾಲ್ಕು ತಟ್ಟೆಯದ್ದನ್ನು ಒಟ್ಟಿಗೆ ಹುರಿದು ಪಾಲು ಹಾಕುವ ಅಂಗಡಿಗಳೂ ಊರಲ್ಲಿ ಇಲ್ಲವೆಂದಲ್ಲ. ಅಲ್ಲಿ ಕಾಯುವ ಕೆಲಸವಿಲ್ಲ. ಊರಿನವರು ಮಾತ್ರ ಅತ್ತ ಸುಳಿಯುವುದು ಕಡಿಮೆ.

ಈ ತಿನಿಸಿನ ಹೆಸರು ಚಾರ್ ಕ್ವೇ ಟಿಯಾವ್. ಅಕ್ಕಿಹಿಟ್ಟಿನ ಚಪ್ಪಟೆ ನೂಡಲ್ಸನ್ನು ಜೋರು ಉರಿಯಲ್ಲಿ ಹುರಿದದ್ದು. ಕೆಲಸದ ಮೇಲೆ ಪೆನಾಂಗಿನಲ್ಲಿದ್ದ ಕಾಲದಲ್ಲಿ ನನ್ನ ಬಿಡಾರ ಪುಲಾವ್ ಟಿಕುಸ್ ಎಂಬ ಹಳೆಯ ಬಡಾವಣೆಯಲ್ಲಿತ್ತು. ಬೀದಿಯ ಮೂಲೆಗೆ ಒಂದು ಕೊಪಿಟಿಯಾಮ್, ಅಂದರೆ ಚೀನೀಯರ ಕಾಫಿ ಅಂಗಡಿ. ಅದರ ಮುಂಗಟ್ಟಿನಲ್ಲಿ ಸಂಜೆ ಹೊತ್ತಿಗೆ ಒಲೆ ಹೊತ್ತಿಸುತ್ತಿದ್ದವರು ಅರವತ್ತು ದಾಟಿದ ಒಬ್ಬ ಹಿರಿಯರು. ಪೆನಾಂಗಿನಲ್ಲಿ ಆ ವಯಸ್ಸಿನವರನ್ನೆಲ್ಲ ಕರೆಯುವ ಹಾಗೆ ನಮಗೂ ಅವರು ‘ಅಂಕಲ್’. ಮಾತು ಕಡಿಮೆ. ಆಫೀಸಿನಿಂದ ಹಸಿದು ಬಂದ ಹುಡುಗರು, ‘ಅಂಕಲ್, ಎರಡು ಒಟ್ಟಿಗೆ ಹಾಕಿಬಿಡಿ, ಪರವಾಗಿಲ್ಲ’ ಎಂದರೆ ತಲೆ ಎತ್ತದೆ, ‘ನಿಮಗೆ ಪರವಾಗಿಲ್ಲ, ನನಗೆ ಪರವಾಗಿದೆ’ ಎನ್ನುತ್ತಿದ್ದರು. ಅಲ್ಲಿಗೆ ಮಾತು ಮುಗಿಯಿತು.

ಆ ತಿನಿಸಿನ ರುಚಿ, ಅಂಗಡಿಯ ಕ್ಯೂ, ಗಲ್ಲಾದಲ್ಲಿ ಉಳಿಯುವ ಕಾಸು, ನಾಳೆ ಆ ಬಾಣಲೆ ಹಿಡಿಯುವವರು ಯಾರು ಎಂಬ ಚಿಂತೆ, ಎಲ್ಲವೂ ಹುಟ್ಟುವುದು ಈ ಒಂದು ಹಟದಿಂದ.

ಮೊದಲು ತಿನಿಸಿನ ಕುಲಗೋತ್ರ ನೋಡೋಣ. ದಕ್ಷಿಣ ಚೀನಾದ ಕರಾವಳಿಯಿಂದ, ಮುಖ್ಯವಾಗಿ ಫುಜಿಯಾನ್ ಪ್ರಾಂತ್ಯದಿಂದ ಹೊಕ್ಕಿಯನ್ನರೂ ಅದಕ್ಕೆ ತಾಗಿದ ಚಾವ್‌ಜೋ ಸೀಮೆಯಿಂದ ಟಿಯೊಚ್ಯೂ ಜನರೂ ಹೊಟ್ಟೆಪಾಡಿಗಾಗಿ ಮಲಕ್ಕಾ ಜಲಸಂಧಿಯ ಬಂದರುಗಳಿಗೆ ಬಂದರು. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಫ್ರಾನ್ಸಿಸ್ ಲೈಟ್ ಪೆನಾಂಗಿನಲ್ಲಿ ನೆಲೆಯೂರಿದ್ದು 1786ರಲ್ಲಿ. ಬಂದರು ಬೆಳೆದಂತೆ ಮೂಟೆ ಹೊರುವವರು, ದೋಣಿಯವರು, ತವರದ ಗಣಿಗೆ ಹೊರಟವರು ಬಂದು ತುಂಬಿಕೊಂಡರು. ಹಗಲು ಮೀನು ಹಿಡಿದು, ಕೆಸರಿನಲ್ಲಿ ಚಿಪ್ಪು ಹೆಕ್ಕಿ, ಸಂಜೆ ಅದನ್ನೇ ಅಕ್ಕಿ ನೂಡಲ್ಸಿನ ಜೊತೆ ಹುರಿದು ಮಾರುತ್ತಿದ್ದವರಿಂದ ಈ ತಿನಿಸು ಶುರುವಾಯಿತು ಎಂದು ಅಲ್ಲಿಯವರು ಹೇಳುತ್ತಾರೆ. ಹಂದಿಯ ನೆಣದಲ್ಲಿ ಹುರಿಯುವುದು ವಾಡಿಕೆ, ನೆಣ ಕಾಯಿಸಿದ ಮೇಲೆ ಉಳಿಯುವ ಗರಿ ಚೂರುಗಳನ್ನೂ ಬಿಡದೆ ಹಾಕುತ್ತಾರೆ. ಮೂಟೆ ಹೊತ್ತ ಮೈಗೆ ಕಡಿಮೆ ಕಾಸಿನಲ್ಲಿ ಹೆಚ್ಚು ಕಸುವು ಬೇಕಿತ್ತು, ಅದಕ್ಕೆ ಸರಿಯಾದ ಊಟ ಇದು. ಕುರ್ಚಿಯಲ್ಲಿ ಕೂತು ದುಡಿಯುವ ಇಂದಿನ ಮೈಗೆ ಸರಿಯೇ ಎಂದು ಕೇಳಿದರೆ ವೈದ್ಯರು ಖಂಡಿತ ಬೇಡ ಎನ್ನುತ್ತಾರೆ. ನಾನೂ ವಾರವಾರ ತಿನ್ನಿ ಎಂದು ಹೇಳಲಾರೆ.

ಸಿಂಗಪುರದಲ್ಲೂ ಇದೇ ಹೆಸರಿನ ತಿನಿಸಿದೆ. ಅಲ್ಲಿಯದು ದಪ್ಪ ಸಿಹಿ ಸೋಯಾ ಸಾಸಿನಿಂದ ಕಪ್ಪಗೆ, ತುಸು ಒದ್ದೆಯಾಗಿ, ಅಕ್ಕಿ ನೂಡಲ್ಸಿನ ಜೊತೆ ಗೋಧಿಯ ಹಳದಿ ನೂಡಲ್ಸನ್ನೂ ಬೆರೆಸಿಕೊಂಡು ಬರುತ್ತದೆ. ಪೆನಾಂಗಿನದು ತೆಳು ಬಣ್ಣ, ಒಣಗಲು, ಖಾರ. ಮೇಲೆ ಎದ್ದು ಕಾಣುವ ಸೀಗಡಿ. ಯಾವುದು ಮೇಲು ಎಂಬ ಜಗಳ ಎರಡೂ ಊರುಗಳಲ್ಲಿ ನಡೆದೇ ಇದೆ. ನನ್ನ ಓಟು ಪೆನಾಂಗಿಗೆ. ಸಿಹಿ ಸಾಸು ಹೆಚ್ಚಾದರೆ ಬೆಂಕಿಯ ರುಚಿ ಮುಚ್ಚಿಹೋಗುತ್ತದೆ, ಬೆಂಕಿಯ ರುಚಿಯೇ ಇಲ್ಲದಿದ್ದರೆ ಇದನ್ನು ತಿನ್ನುವುದಕ್ಕೆ ಬೇರೆ ಕಾರಣ ನನಗೆ ಕಾಣುವುದಿಲ್ಲ.

ನೂಡಲ್ಸಿನ ವಿಚಾರ. ಅಕ್ಕಿಯನ್ನು ನೆನೆಸಿ ನುಣ್ಣಗೆ ರುಬ್ಬಿ, ನೀರಾಗಿ ಕಲಸಿ, ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರವಿ ಹಬೆಯಲ್ಲಿ ಬೇಯಿಸುತ್ತಾರೆ. ಎದ್ದ ಹಾಳೆಗೆ ಎಣ್ಣೆ ಸವರಿ ಪಟ್ಟಿ ಪಟ್ಟಿಯಾಗಿ ಕತ್ತರಿಸಿದರೆ ಕ್ವೇ ಟಿಯಾವ್. ಅಂದು ಮಾಡಿದ್ದು ಅಂದೇ ಮುಗಿಯಬೇಕು. ಫ್ರಿಜ್ಜಿನಲ್ಲಿಟ್ಟರೆ ಅಕ್ಕಿಯ ಪಿಷ್ಟ ಬಿರುಸಾಗಿ, ಬಾಣಲೆಗೆ ಹಾಕಿದ ತಕ್ಷಣ ಪಟ್ಟಿಗಳು ತುಂಡಾಗುತ್ತವೆ. ಗೋಧಿಯಲ್ಲಿರುವ ಅಂಟು ಅಕ್ಕಿಯಲ್ಲಿಲ್ಲ. ಆದ್ದರಿಂದ ಸಟ್ಟುಗ ಆಡಿಸುವ ಕೈ ಹದವಾಗಿರಬೇಕು. ಹೆಚ್ಚು ಕೆದಕಿದರೆ ಮುದ್ದೆ, ಕಡಿಮೆಯಾದರೆ ಒಂದು ಬದಿ ಕರಕಲು.

ಅಂಕಲ್ ಹುರಿಯುವುದನ್ನು ನೋಡುತ್ತ ನಿಲ್ಲುವುದೇ ನನಗೆ ಸಂಜೆಯ ಕಾಲಕ್ಷೇಪವಾಗಿತ್ತು. ಬಾಣಲೆ ಹೊಗೆಯಾಡಬೇಕು, ಅಲ್ಲಿಯವರೆಗೆ ಏನೂ ಬೀಳುವುದಿಲ್ಲ. ಆಮೇಲೆ ಒಂದು ಸೌಟು ನೆಣ, ಜಜ್ಜಿದ ಬೆಳ್ಳುಳ್ಳಿ, ಹಿಂದೆಯೇ ಸೀಗಡಿ. ಸೀಗಡಿ ಕೆಂಪಾಗುವ ಮೊದಲೇ ಒಂದು ಹಿಡಿ ನೂಡಲ್ಸ್. ಮುಚ್ಚಳಕ್ಕೆ ತೂತು ಮಾಡಿದ ಸೀಸೆಯಿಂದ ಸೋಯಾ ಸಾಸಿನ ನೀರು ಚಿಮುಕಿಸಿದರೆ ಬಾಣಲೆಯ ಅಂಚಿನಲ್ಲಿ ಅದು ಚುರ್ರೆಂದು ಸುಡುತ್ತದೆ. ಅದರ ಮೇಲೆ ರುಬ್ಬಿದ ಒಣಮೆಣಸಿನಕಾಯಿ. ನೂಡಲ್ಸನ್ನು ಪಕ್ಕಕ್ಕೆ ಸರಿಸಿ, ಬರಿದಾದ ಜಾಗಕ್ಕೆ ಮೊಟ್ಟೆ ಒಡೆದು, ಅದು ಗಟ್ಟಿಯಾಗುವ ಮುನ್ನ ಮಗುಚಿ ಬೆರೆಸುತ್ತಾರೆ. ಬಾತುಕೋಳಿ ಮೊಟ್ಟೆ ಬೇಕೆಂದರೆ ತುಸು ಹೆಚ್ಚು ಕೊಡಬೇಕು. ಕೊಟ್ಟು ತಿನ್ನಿ, ಅದರ ಹಳದಿಯ ಜಿಡ್ಡೇ ಬೇರೆ. ಕೊನೆಗೆ ಹೆಸರುಕಾಳಿನ ಉದ್ದ ಮೊಳಕೆ, ಬೆಳ್ಳುಳ್ಳಿ ಘಮದ ಕು ಚಾಯ್ ಎಂಬ ಹಸಿರೆಲೆ, ಎಲ್ಲಕ್ಕಿಂತ ಕೊನೆಗೆ ಕೆಂಪು ರಸದ ಚಿಪ್ಪುಮಾಂಸ. ಬಾಳೆಲೆ ತುಂಡು ಹಾಸಿದ ತಟ್ಟೆಗೆ ಬಗ್ಗಿಸಿದರೆ ಮುಗಿಯಿತು. ಹೊಗೆ ಎದ್ದಲ್ಲಿಂದ ತಟ್ಟೆಗೆ ಬೀಳುವವರೆಗೆ ಎರಡು ನಿಮಿಷದ ಆಸುಪಾಸು.

ಎರಡು ತಟ್ಟೆಯದ್ದು ಒಟ್ಟಿಗೆ ಯಾಕೆ ಆಗದು? ಉತ್ತರ ನಾವೆಲ್ಲ ಹೈಸ್ಕೂಲಿನಲ್ಲಿ ಕಲಿತು ಮರೆತ ಪಾಠದಲ್ಲಿದೆ. ಒಂದು ಗ್ರಾಂ ನೀರನ್ನು ಸೊನ್ನೆ ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು 100 ಕ್ಯಾಲೊರಿ ಶಾಖ ಸಾಕು. ಅದೇ ಕುದಿನೀರನ್ನು ಆವಿಯಾಗಿಸಲು ಇನ್ನೂ 540 ಕ್ಯಾಲೊರಿ ಬೇಕು. ನೂಡಲ್ಸು, ಮೊಳಕೆ, ಸೀಗಡಿ ಎಲ್ಲದರಲ್ಲೂ ನೀರೇ ತುಂಬಿದೆ. ಮೇಲ್ಮೈಯ ಆ ನೀರು ಆರುವ ತನಕ ಪದಾರ್ಥದ ಬಿಸಿ 100 ಡಿಗ್ರಿ ದಾಟುವುದಿಲ್ಲ. ಹುರಿದ ಕಂದು ಬಣ್ಣ, ಘಮ ಹುಟ್ಟಲು 140 ಡಿಗ್ರಿಯಾದರೂ ಬೇಕು. ಸಕ್ಕರೆ ಅಂಶವೂ ಪ್ರೋಟೀನಿನ ಅಂಶವೂ ಶಾಖದಲ್ಲಿ ಕೂಡಿ ನಡೆಯುವ ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದ ಫ್ರೆಂಚ್ ವಿಜ್ಞಾನಿ ಮಯಾರನ ಹೆಸರೇ ಅದಕ್ಕಿದೆ. ಒಲೆ ಒಂದೇ, ಬಾಣಲೆಯ ಅಗಲವೂ ಅಷ್ಟೇ. ಹಾಕಿದ್ದು ಇಮ್ಮಡಿಯಾದರೆ ಆರಬೇಕಾದ ನೀರೂ ಇಮ್ಮಡಿ. ಬೆಂಕಿ ಆ ನೀರಿನ ಬೆನ್ನು ಹತ್ತಿ ಸೋಲುತ್ತದೆ. ನೂಡಲ್ಸು ಹುರಿಯುವ ಬದಲು ತನ್ನದೇ ಹಬೆಯಲ್ಲಿ ಬೇಯುತ್ತದೆ, ಮೊಳಕೆ ಸೊರಗಿ ನೀರು ಬಿಡುತ್ತದೆ. ತಿನ್ನಲು ಅಡ್ಡಿಯಿಲ್ಲ. ಆದರೆ ಅದು ಬೇರೆಯದೇ ತಿನಿಸು.

ಚೀನೀಯರು ‘ವಾಕ್ ಹೇ’ ಎಂದು ಕರೆಯುವ ಹೊಗೆ ಮಿಶ್ರಿತ ಪರಿಮಳ ಹುಟ್ಟುವುದು ಈ ಒಣ ಉರಿಯಲ್ಲೇ. ಬಾಣಲೆಯಿಂದ ಹಾರಿದ ಎಣ್ಣೆಯ ಹನಿ ಜ್ವಾಲೆಗೆ ತಾಗಿ ಉರಿದು, ಅದರ ವಾಸನೆ ಮತ್ತೆ ಆಹಾರಕ್ಕೆ ಹತ್ತುವುದೂ ಅದರಲ್ಲಿ ಸೇರಿದೆ. ಬಾಣಲೆ ಕುಲುಕುವವರ ಮೇಲೆ ಅಮೆರಿಕದ ಜಾರ್ಜಿಯಾ ಟೆಕ್ ಸಂಶೋಧಕರು 2020ರಲ್ಲಿ ಒಂದು ಪ್ರಬಂಧ ಬರೆದಿದ್ದಾರೆ. ಅವರು ನೋಡಿದ್ದು ಫ್ರೈಡ್ ರೈಸ್ ಮಾಡುವ ಬಾಣಸಿಗರನ್ನು. ಸೆಕೆಂಡಿಗೆ ಸುಮಾರು ಮೂರು ಸಲ ಆ ಭಾರದ ಬಾಣಲೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆದು ಓಲಾಡಿಸುತ್ತಾರಂತೆ. ಅನ್ನ ಗಾಳಿಗೆ ಹಾರಿ ತುಸು ತಣಿದು ಮತ್ತೆ ಬೀಳುತ್ತದೆ, ಅದರಿಂದಲೇ ಅಷ್ಟು ಉರಿಯಲ್ಲೂ ಸೀಯುವುದಿಲ್ಲ. ಇಂಥ ಬಾಣಸಿಗರಲ್ಲಿ ಭುಜದ ನೋವು ಬಲು ಸಾಮಾನ್ಯ ಎಂಬುದೂ ಆ ಅಧ್ಯಯನಕ್ಕೆ ಒಂದು ಕಾರಣ. ಕ್ವೇ ಟಿಯಾವ್ ಹುರಿಯುವವರು ಅಷ್ಟು ಹಾರಿಸುವುದಿಲ್ಲ, ಸಟ್ಟುಗದ ಕೆಲಸವೇ ಜಾಸ್ತಿ. ಹಾಗೆಂದು ಭುಜಕ್ಕೆ ಬಿಡುವಿಲ್ಲ. ಅಂಕಲ್ ಅವರ ಬಲಭುಜದ ಮೇಲೆ ಸದಾ ಒಂದು ನೋವಿನ ಪಟ್ಟಿ ಅಂಟಿರುತ್ತಿತ್ತು.

ಅವರದ್ದು ಇದ್ದಿಲ ಒಲೆ. ಈಗ ಬಹುಪಾಲು ಅಂಗಡಿಗಳಲ್ಲಿ ಗ್ಯಾಸು ಬಂದಿದೆ, ಇದ್ದಿಲಿನವು ಬೆರಳೆಣಿಕೆಯಷ್ಟು. ಆ ಕಡೆಯ ಕಾಂಡ್ಲಾ ಮರದ ಇದ್ದಿಲಿಗೆ ಹೆಸರುವಾಸಿಯಾದದ್ದು ಪೆನಾಂಗಿನ ದಕ್ಷಿಣಕ್ಕೆ, ಪೆರಾಕ್ ರಾಜ್ಯದ ಮಾತಾಂಗ್ ಕಾಡು. ಸುಮಾರು 40,000 ಹೆಕ್ಟೇರಿನ ಈ ಕಾಂಡ್ಲಾವನವನ್ನು ಕಳೆದ ಶತಮಾನದ ಆರಂಭದಿಂದಲೂ ಸರ್ಕಾರ ಲೆಕ್ಕ ಹಾಕಿ ಕಡಿಸುತ್ತ, ನೆಡಿಸುತ್ತ ಬಂದಿದೆ. ಒಂದು ತುಂಡು ಕಾಡಿನ ಸರದಿ ಮತ್ತೆ ಬರುವುದು 30 ವರ್ಷಕ್ಕೆ. ನಡುವೆ 15ನೇ ಮತ್ತು 20ನೇ ವರ್ಷದಲ್ಲಿ ಒತ್ತಾಗಿ ಬೆಳೆದ ಮರಗಳನ್ನಷ್ಟೇ ತೆಗೆದು ಉಳಿದವಕ್ಕೆ ಜಾಗ ಮಾಡುತ್ತಾರೆ. ನಮ್ಮ ಹೊನ್ನಾವರ, ಕುಂದಾಪುರದ ಕಡೆಯ ಕಾಂಡ್ಲಾ ಉಳಿಸುವವರು ಒಮ್ಮೆ ನೋಡಿಬರಬೇಕಾದ ಜಾಗ. ಅಲ್ಲಿ ಕ್ವಾಲಾ ಸೆಪೆತಾಂಗ್ ಎಂಬ ಹಳ್ಳಿಯಲ್ಲಿ ಇಟ್ಟಿಗೆಯ ಗುಮ್ಮಟದಂಥ ಭಟ್ಟಿಗಳಿವೆ. ತಿಂಗಳ ಹತ್ತಿರ ಒಳಗೇ ಕಾವು ಹಿಡಿದು ಮರ ಇದ್ದಿಲಾಗುತ್ತದೆ. ಒಳಗೆ ಏನಾಗಿದೆ ಎಂಬುದನ್ನು ಭಟ್ಟಿಯವರು ತಿಳಿಯುವುದು ಹೊರಬರುವ ಹೊಗೆಯ ವಾಸನೆಯಿಂದ. ಬ್ರಿಟಿಷರ ಕಾಲದಲ್ಲಿ ಪೋರ್ಟ್ ವೆಲ್ಡ್ ಎನ್ನುತ್ತಿದ್ದ ಈ ಹಳ್ಳಿಯಿಂದ ತೈಪಿಂಗ್‌ಗೆ 1885ರಲ್ಲಿ ಓಡಿದ್ದೇ ಮಲಯದ ಮೊದಲ ರೈಲು. ತವರ ಸಾಗಿಸಲು ಹಾಕಿದ ಆ ಹಳಿ ಈಗಿಲ್ಲ.

ಅದೇ ಮಾತಾಂಗ್ ತೀರದ ಕೆಸರಿನಲ್ಲೇ ತಟ್ಟೆಯ ಇನ್ನೊಂದು ಪದಾರ್ಥವೂ ಬೆಳೆಯುತ್ತದೆ. ಮಲಯ ಭಾಷೆಯಲ್ಲಿ ಕೆರಾಂಗ್ ಎನ್ನುವ ಚಿಪ್ಪು. ಮಂಗಳೂರಿನ ಮರುವಾಯಿ ತಿಂದವರಿಗೆ ಇದರ ಗುರುತು ಹತ್ತುತ್ತದೆ, ಒಂದು ವ್ಯತ್ಯಾಸ ಬಿಟ್ಟು: ಇದರ ಮೈಯಲ್ಲಿ ನಮ್ಮ ಹಾಗೆ ಹಿಮೋಗ್ಲೋಬಿನ್ ಇದೆ, ಒಡೆದರೆ ಕೆಂಪು ರಸ. ಅರೆಬೆಂದಿದ್ದರೇ ರುಚಿ ಎನ್ನುವವರು ಬಹಳ. ಹೊಟ್ಟೆ ನಾಜೂಕಿನವರು ಪೂರ್ತಿ ಬೇಯಿಸಿ ಎಂದು ಹೇಳುವುದು ಕ್ಷೇಮ, ಕೆಸರಿನ ಚಿಪ್ಪಿನಲ್ಲಿ ಕಾಮಾಲೆಯ ವೈರಾಣು ಕೂಡ ಇರಬಹುದು. ಮಲೇಷ್ಯಾದ ಕೆರಾಂಗ್ ಬೆಳೆ 2010ರ ನಂತರ ತೀರಾ ಇಳಿದಿದೆ. ಹಿಂದೆ ಹಿಡಿಗಟ್ಟಲೆ ಬೀಳುತ್ತಿದ್ದದ್ದು ಈಗ ಎಣಿಸಿ ಬೀಳುತ್ತದೆ. ಹಲವು ಅಂಗಡಿಗಳಲ್ಲಿ ಕೇಳಿದರಷ್ಟೇ ಹಾಕುತ್ತಾರೆ.

ಇನ್ನು ದುಡ್ಡಿನ ಮಾತು. ತಟ್ಟೆಗೆ ಎರಡು ನಿಮಿಷವಾದರೆ ಗಂಟೆಗೆ ಹೆಚ್ಚೆಂದರೆ 30 ತಟ್ಟೆ. ನೀರು ಕುಡಿಯದೆ, ಬೆವರು ಒರೆಸದೆ ಐದು ಗಂಟೆ ನಿಂತರೆ 150. ಅದರ ಮೇಲೆ ಹೋಗಲು ದಾರಿಯೇ ಇಲ್ಲ. ಬೆಂಗಳೂರಿನ ದರ್ಶಿನಿಯಲ್ಲಿ ಒಂದು ಉದ್ದನೆ ಕಾವಲಿಯ ಮೇಲೆ ಡಜನ್ ದೋಸೆ ಒಟ್ಟಿಗೆ ಏಳುತ್ತವೆ, ಗಿರಾಕಿ ಹೆಚ್ಚಾದರೆ ಕಾವಲಿ ದೊಡ್ಡದಾಗುತ್ತದೆ. ದರ್ಶಿನಿಯವರ ಲಾಭ ಆ ಅಗಲದಲ್ಲಿದೆ. ಕ್ವೇ ಟಿಯಾವ್‌ಗೆ ಆ ಸೌಕರ್ಯವಿಲ್ಲ. ಪೆನಾಂಗಿನ ಬೀದಿಬದಿಯಲ್ಲಿ ತಟ್ಟೆಗೆ ಏಳರಿಂದ ಹತ್ತು ರಿಂಗಿಟ್, ನಮ್ಮ ಲೆಕ್ಕಕ್ಕೆ 150ರಿಂದ 200 ರೂಪಾಯಿ. ಇದರಲ್ಲಿ ಸೀಗಡಿ, ಮೊಟ್ಟೆ, ಇದ್ದಿಲು, ಜಾಗದ ಬಾಡಿಗೆ ಕಳೆಯಿರಿ.

ಬಾಡಿಗೆ ಎಂದೆನಲ್ಲ, ಅದರ ವ್ಯವಸ್ಥೆಯೂ ಸ್ವಾರಸ್ಯದ್ದು. ಕೊಪಿಟಿಯಾಮ್ ಯಜಮಾನ ಮಾರುವುದು ಕಾಫಿ, ಟೀ, ತಂಪು ಪಾನೀಯ ಮಾತ್ರ. ಮುಂಗಟ್ಟು, ಗೋಡೆ ಪಕ್ಕಗಳನ್ನು ಒಬ್ಬೊಬ್ಬ ಅಡುಗೆಯವರಿಗೆ ಬಾಡಿಗೆಗೆ ಬಿಡುತ್ತಾನೆ. ಒಂದೇ ಜಾಗದಲ್ಲಿ ಬೆಳಿಗ್ಗೆ ಒಬ್ಬರ ಗಾಡಿ, ಸಂಜೆ ಇನ್ನೊಬ್ಬರದ್ದು. ನೀವು ಗಾಡಿಯ ಹತ್ತಿರ ಹೋಗಿ ಹೇಳಿ, ಕೂತ ಮೇಜು ತೋರಿಸಿ ಬಂದರೆ ತಟ್ಟೆ ಅಲ್ಲಿಗೇ ಬರುತ್ತದೆ, ಬಂದಾಗ ದುಡ್ಡು ಕೊಡುವುದು. ಕುಡಿಯಲು ಏನೂ ತೆಗೆದುಕೊಳ್ಳದೆ ಮೇಜು ಹಿಡಿದರೆ ಯಜಮಾನನ ಮುಖ ಗಂಟಿಕ್ಕುತ್ತದೆ, ಕೆಲವೆಡೆ ಅದಕ್ಕೆಂದೇ ಸಣ್ಣ ದಂಡವನ್ನೂ ಹಾಕುತ್ತಾರೆ. ಜಾಯಿಕಾಯಿಯ ಶರಬತ್ತು ಕೇಳಿ, ಅದು ಪೆನಾಂಗಿನ ಸ್ವಂತದ್ದು. ಅಂಬ್ರಾ ಎಂಬ ಹುಳಿ ಪಾನೀಯವೂ ಚೆನ್ನ, ಆ ಹಣ್ಣು ನಮ್ಮ ಅಮಟೆಕಾಯಿಯ ಹತ್ತಿರದ ನೆಂಟ.

ಹಳೇ ಪೇಟೆಯ ಈ ಅಂಗಡಿ ಮನೆಗಳಿಗೆ ಮೊದಲು ಬಾಡಿಗೆ ನಿಯಂತ್ರಣ ಕಾಯ್ದೆಯ ರಕ್ಷೆಯಿತ್ತು. 2000ದ ಜನವರಿ 1ರಿಂದ ಅದು ರದ್ದಾಯಿತು. 2008ರಲ್ಲಿ ಜಾರ್ಜ್‌ಟೌನ್ ಎಂಬ ಈ ಹಳೇ ಪೇಟೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಬಾಡಿಗೆ ಏರಿತು, ಹಳೆಯ ಒಕ್ಕಲು ಖಾಲಿಯಾಯಿತು, ಅವರ ಜಾಗಕ್ಕೆ ಹೋಟೆಲು, ಕೆಫೆಗಳು ಬಂದವು. ಹೊಗಳಿಕೆಯೂ ಹೊರೆಯಾಗುವುದುಂಟು. 2017ರಲ್ಲಿ ವಿಶ್ವ ಬೀದಿ ಆಹಾರ ಸಮ್ಮೇಳನದವರು ಹೊರಡಿಸಿದ 50 ಅಂಗಡಿಗಳ ಪಟ್ಟಿಯಲ್ಲಿ ಸಿಯಾಮ್ ರಸ್ತೆಯ ಇದ್ದಿಲ ಒಲೆಯ ಚಾರ್ ಕ್ವೇ ಟಿಯಾವ್ 14ನೆಯದಾಗಿ ಬಂತು. 2022ರ ಕೊನೆಗೆ ಮಿಶೆಲಿನ್ ಕೈಪಿಡಿಯೂ ಪೆನಾಂಗಿಗೆ ಕಾಲಿಟ್ಟಿತು. ಬೇರೆ ಹೋಟೆಲಾಗಿದ್ದರೆ ಇದು ಸುಗ್ಗಿ. ಇಲ್ಲಿ ಹೆಸರು ಬಂದರೂ ಬಾಣಲೆ ಒಂದೇ, ಕೈ ಒಂದೇ. ಬೆಳೆಯುವುದು ಕ್ಯೂ ಮಾತ್ರ.

ಆ ಕೈ ಸೋತ ಮೇಲೆ? ಅಂಕಲ್ ಅವರ ಮಗ ಬಯಾನ್ ಲೆಪಾಸ್‌ನಲ್ಲಿ ಎಂಜಿನಿಯರು. ಅದು ವಿಮಾನ ನಿಲ್ದಾಣದ ಹತ್ತಿರದ ಕೈಗಾರಿಕಾ ಪ್ರದೇಶ. ಇಂಟೆಲ್ ಕಂಪನಿ ಅಮೆರಿಕದ ಹೊರಗೆ ಮೊದಲ ಕಾರ್ಖಾನೆ ತೆರೆದದ್ದು 1972ರಲ್ಲಿ, ಇಲ್ಲಿಯೇ. ಬೆಂಗಳೂರಿನಿಂದ ಚಿಪ್ ಕೆಲಸದವರು ಹೋಗಿಬರುವುದೂ ಇಲ್ಲಿಗೇ. ನಾನು ಪೆನಾಂಗ್ ಕಂಡದ್ದೂ ಆ ನೆಪದಲ್ಲಿ. ಹವಾನಿಯಂತ್ರಿತ ಕೋಣೆ ಬಿಟ್ಟು ಬೆಂಕಿಯ ಮುಂದೆ ನಿಲ್ಲು ಎಂದು ಮಗನಿಗೆ ಯಾವ ತಂದೆ ಹೇಳಿಯಾನು? ಕೂಲಿಗೆ ಜನ ಇಡೋಣವೆಂದರೆ ಪೆನಾಂಗ್ ಸರ್ಕಾರ 2014ರಲ್ಲಿ ಒಂದು ತೀರ್ಮಾನ ಮಾಡಿ 2016ರಿಂದ ಜಾರಿಗೆ ತಂದಿದೆ: ಬೀದಿಬದಿಯ ಸ್ಥಳೀಯ ತಿನಿಸುಗಳಿಗೆ ವಿದೇಶಿ ಕೂಲಿಗಳು ಮುಖ್ಯ ಅಡುಗೆಯವರಾಗುವಂತಿಲ್ಲ. ಪಾತ್ರೆ ತೊಳೆಯಬಹುದು, ತಟ್ಟೆ ಒಯ್ದು ಕೊಡಬಹುದು. ಬಾಣಲೆ ಮುಟ್ಟುವಂತಿಲ್ಲ. ರುಚಿ ಕೆಡುತ್ತದೆ ಎಂಬುದು ವಾದ. ಚೀನಾದಿಂದ ದೋಣಿ ಹತ್ತಿ ಬಂದ ಕೂಲಿಗಳೇ ಕಟ್ಟಿದ ತಿನಿಸಿಗೆ ಈ ಕಟ್ಟಳೆ ಹಾಕಿದ್ದನ್ನು ನೋಡಿದರೆ ನನಗೆ ನಗು ಬರುತ್ತದೆ. ಕೈ ಪಳಗಬೇಕು ನಿಜ, ಅದು ಪಾಸ್‌ಪೋರ್ಟ್ ನೋಡಿ ಪಳಗುವುದಿಲ್ಲ.

ಸಿಂಗಪುರ ಬೇರೆ ದಾರಿ ಹಿಡಿಯಿತು. 1968–69ರಲ್ಲಿ ಬೀದಿ ವ್ಯಾಪಾರಿಗಳನ್ನೆಲ್ಲ ನೋಂದಾಯಿಸಿ, 1971ರಿಂದ 1986ರ ನಡುವೆ ನಲ್ಲಿ, ಚರಂಡಿ, ಸೂರು ಇರುವ ಹಾಕರ್ ಸೆಂಟರುಗಳಿಗೆ ಅವರನ್ನು ಸ್ಥಳಾಂತರಿಸಿತು. 2020ರಲ್ಲಿ ಆ ಹಾಕರ್ ಸಂಸ್ಕೃತಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೂ ಸೇರಿತು. ಅದೇ ವರ್ಷ ಹೊಸಬರನ್ನು ಹಳಬರ ಕೈಕೆಳಗೆ ಪಳಗಿಸುವ ಯೋಜನೆಯೂ ಬಂತು. ಆದರೂ ಅಲ್ಲಿನ ವ್ಯಾಪಾರಿಗಳ ಸರಾಸರಿ ವಯಸ್ಸು 60ರ ಆಸುಪಾಸಿನಲ್ಲೇ ಇದೆ. ಪಟ್ಟಿಗೆ ಸೇರಿಸಿದ ಮಾತ್ರಕ್ಕೆ ಯಾರೂ ಬೆಂಕಿಯ ಮುಂದೆ ನಿಲ್ಲುವುದಿಲ್ಲ.

ನನಗೆ ಕಾಣುವ ಕಾರಣ ಸರಳ: ಬೆಲೆ. ಹವಾನಿಯಂತ್ರಿತ ಕೆಫೆಯ ಯಂತ್ರ ಹಿಂಡಿಕೊಟ್ಟ ಕಾಫಿಗೆ ಹದಿನೈದು ರಿಂಗಿಟ್ ಕೊಡುವ ಅದೇ ಗಿರಾಕಿ, ಮೂಲೆಯ ಅಂಗಡಿಯಲ್ಲಿ ನೂಡಲ್ಸಿಗೆ ಒಂದು ರಿಂಗಿಟ್ ಏರಿದರೆ ಗೊಣಗುತ್ತಾನೆ. ಬೀದಿಯ ತಿಂಡಿ ಎಂದರೆ ಅಗ್ಗ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಹೆಚ್ಚು ಮಾಡಿ ಮಾರಲಾಗದ ತಿನಿಸನ್ನು ಹೆಚ್ಚು ಬೆಲೆಗೂ ಮಾರಲಾಗದಿದ್ದರೆ ಆ ಕಸುಬಿಗೆ ಹುಡುಗರು ಎಲ್ಲಿಂದ ಬರಬೇಕು? ಅಂಕಲ್ ಒಂದು ರಿಂಗಿಟ್ ಏರಿಸಿದ ವಾರ ಗಾಡಿಗೆ ಕ್ಷಮೆ ಕೇಳುವ ಚೀಟಿ ಅಂಟಿಸಿದ್ದರು. ಸೀಗಡಿ ತುಟ್ಟಿಯಾಗಿದೆ, ದಯವಿಟ್ಟು ಸಹಕರಿಸಿ, ಎಂದು. ತಮ್ಮ ಭುಜದ ವಿಚಾರ ಅದರಲ್ಲಿರಲಿಲ್ಲ.

ಸಸ್ಯಾಹಾರಿ ಓದುಗರು ಇಷ್ಟು ಹೊತ್ತು ಸಹಿಸಿದ್ದಕ್ಕೆ ಒಂದು ಮಾತು. ನೆಣ, ಸೀಗಡಿ, ಚಿಪ್ಪು ಬೇಡವೆಂದರೂ ಆ ಬಾಣಲೆಯಲ್ಲೇ ಹುರಿಯಬೇಕಾಗುತ್ತದೆ, ಆದ್ದರಿಂದ ಮಾಮೂಲಿ ಗಾಡಿ ನಿಮಗಲ್ಲ. ಪೆನಾಂಗಿನ ಚೀನೀ ಬೌದ್ಧರು, ತಾವೊ ಪಂಥದವರಲ್ಲಿ ಅನೇಕರು ಚಾಂದ್ರಮಾನದ ತಿಂಗಳ 1 ಮತ್ತು 15ನೇ ದಿನ ಮಾಂಸ ಮುಟ್ಟುವುದಿಲ್ಲ. ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ ನಡೆಯುವ ನವ ಚಕ್ರವರ್ತಿ ದೇವರ ಉತ್ಸವದಲ್ಲಿ ಬೀದಿಗೆ ಬೀದಿಯೇ ಹಳದಿ ಬಾವುಟ ಕಟ್ಟಿ ಸಸ್ಯಾಹಾರದ ಗಾಡಿ ಹಾಕುತ್ತದೆ. ನಮ್ಮ ನವರಾತ್ರಿಯ ಹಿಂದೆಮುಂದೆಯೇ ಅದು ಬರುತ್ತದೆ. ಅಲ್ಲಿ ಸಿಗುವ ಕ್ವೇ ಟಿಯಾವ್‌ನಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಮುಸ್ಲಿಮರಿಗಾಗಿ ನೆಣವಿಲ್ಲದೆ ಎಣ್ಣೆಯಲ್ಲಿ, ತುಸು ರಸವಿಟ್ಟು ಹುರಿಯುವ ಮಲಯ ಅಂಗಡಿಗಳೂ ಇವೆ. ತಮಿಳು ಮುಸ್ಲಿಮರು ಮಾಡುವ ಮೀ ಗೊರೆಂಗ್ ಇನ್ನೊಂದು ಕವಲು, ಆಲೂಗಡ್ಡೆ, ತೋಫು ಬೆರೆಸಿದ ಕೆಂಪು ಗೋಧಿ ನೂಡಲ್ಸ್. ಅಲ್ಲಿಯವರು ಅದನ್ನು ಭಾರತದ ತಿನಿಸು ಎನ್ನುತ್ತಾರೆ, ಭಾರತದಲ್ಲಿ ಎಲ್ಲೂ ಸಿಗದು.

ಪೆನಾಂಗಿಗೆ ಹೋಗುವವರು ಪಟ್ಟಿಯಲ್ಲಿ ಹೆಸರಿರುವ ಅಂಗಡಿಯನ್ನೇ ಹುಡುಕಿ ಎರಡು ಗಂಟೆ ಬಿಸಿಲಲ್ಲಿ ನಿಲ್ಲಬೇಕಾಗಿಲ್ಲ. ಉಳಿದುಕೊಂಡ ಬೀದಿಯಲ್ಲೇ ಸಂಜೆ ಒಂದು ಸುತ್ತು ಹಾಕಿ, ಬಾಣಲೆಗೆ ಎಷ್ಟು ಬೀಳುತ್ತಿದೆ ನೋಡಿ. ಒಂದೇ ತಟ್ಟೆಯಷ್ಟು ಬೀಳುತ್ತಿದ್ದರೆ ಅಲ್ಲೇ ಕೂತುಕೊಳ್ಳಿ, ಬಾತುಕೋಳಿ ಮೊಟ್ಟೆ ಹಾಕಿಸಿ. ಪಾರ್ಸೆಲ್ ಮಾತ್ರ ಬೇಡ: ಪೊಟ್ಟಣದೊಳಗೆ ಹಬೆ ಕಟ್ಟಿ, ಅವರು ಎರಡು ನಿಮಿಷ ಬೆವರಿಳಿಸಿ ಓಡಿಸಿದ ನೀರು ಹತ್ತು ನಿಮಿಷದಲ್ಲಿ ವಾಪಸು ಬಂದಿರುತ್ತದೆ. ಚಿಲ್ಲರೆ ನೋಟು ಜೊತೆಗಿರಲಿ. ಬೆಲೆ ಚೌಕಾಸಿ ಮಾಡಬೇಡಿ.